ಬಿತ್ತಿದರೆ ಬಾರದ ಚೆಲುವು

ಎಲೆಯ ಮೇಲಿನ ಒಂದು ಬಿಳಿ ಗೆರೆಗಾಗಿ ಆರ್ಕಿಡ್ ಬೆಳೆಗಾರರು ಇನ್ನೂರು ವರ್ಷಗಳಿಂದ ತಲೆಕೆಡಿಸಿಕೊಂಡಿದ್ದಾರೆ. ಆ ಗೆರೆ ತಾಯಿಗಿಡದಿಂದ ಮರಿಗೆ ಯಾವಾಗ ಇಳಿಯುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ನಮ್ಮ ಹಿತ್ತಿಲ ಸಂಜೆಮಲ್ಲಿಗೆಯಲ್ಲೇ ಸಿಕ್ಕಿತ್ತು.

ಆರ್ಕಿಡ್ ಎಂದರೆ ನಮ್ಮವರಿಗೆ ಹೂವು. ಮಳೆಗಾಲ ಶುರುವಾಗುವ ಹೊತ್ತಿಗೆ ಮಲೆನಾಡಿನ ಮರಗಳಿಂದ ಜೋತುಬೀಳುವ ಸೀತಾಳೆದಂಡೆ ಇರಲಿ, ಮದುವೆ ಮಂಟಪಕ್ಕೆ ಪೆಟ್ಟಿಗೆಯಲ್ಲಿ ಬಂದಿಳಿಯುವ ನೇರಳೆ ಡೆಂಡ್ರೋಬಿಯಂ ಇರಲಿ, ಹೂ ಮುಗಿದ ಮೇಲೆ ಗಿಡದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಜಪಾನಿನ ಒಂದು ವರ್ಗದ ಬೆಳೆಗಾರರಿಗೆ ಹೂವು ಎರಡನೆಯ ಮಾತು. ಅವರು ಗಿಡಕ್ಕೆ ಬೆಲೆ ಕಟ್ಟುವುದು ಎಲೆ ನೋಡಿ.

ಆ ಗಿಡ ವಾಂಡಾ ಫಾಲ್ಕೇಟಾ. ಇತ್ತೀಚಿನವರೆಗೂ ಸಸ್ಯಶಾಸ್ತ್ರಜ್ಞರು ಇದನ್ನು ನಿಯೋಫಿನೆಷಿಯಾ ಎನ್ನುತ್ತಿದ್ದರು. ಜಪಾನ್, ಕೊರಿಯಾ, ಚೀನಾಗಳಲ್ಲಿ ಮರದ ಮೇಲೆ, ಬಂಡೆಯ ಮೇಲೆ ಬೆಳೆಯುತ್ತದೆ. ಎಲೆ ಬೆರಳುದ್ದ, ಗಿಡ ಗೇಣಿಗಿಂತ ಗಿಡ್ಡ. ಬೇಸಿಗೆಯಲ್ಲಿ ಉದ್ದ ಬಾಲವಿರುವ ಬಿಳಿ ಹೂ ಬಿಟ್ಟು ಇರುಳಲ್ಲಿ ಘಮಘಮಿಸುತ್ತದೆ. ಕಾಡಿನ ಸಾಮಾನ್ಯ ಗಿಡವನ್ನು ಫೂರಾನ್ ಎನ್ನುತ್ತಾರೆ. ಎಲೆಯ ಬಣ್ಣದಲ್ಲೋ ಆಕಾರದಲ್ಲೋ ವಿಶೇಷವಿದ್ದು ಸ್ವಂತ ಹೆಸರು ಪಡೆದ ಗಿಡವಾದರೆ ಅದು ಫೂಕಿರಾನ್. ಎದೊ ಕಾಲದ ಹನ್ನೊಂದನೆಯ ಶೋಗುನ್ (ಸೇನಾ ಆಡಳಿತಗಾರ) ತೊಕುಗಾವಾ ಇಎನಾರಿಗೆ ಇದರ ಹುಚ್ಚಿತ್ತಂತೆ. ಅವನನ್ನು ಒಲಿಸಿಕೊಳ್ಳಲು ಸಾಮಂತರು ಅಪರೂಪದ ಗಿಡ ಹುಡುಕಿಸಿ ಕಾಣಿಕೆ ಕೊಡುತ್ತಿದ್ದರೆಂದೂ, ಗಿಡವನ್ನು ಹತ್ತಿರದಿಂದ ನೋಡುವವರು ಉಸಿರು ತಾಗದಿರಲೆಂದು ಬಾಯಿಗೆ ಕಾಗದ ಹಿಡಿಯುತ್ತಿದ್ದರೆಂದೂ ಬೆಳೆಗಾರರು ಇಂದಿಗೂ ಹೇಳಿಕೊಳ್ಳುತ್ತಾರೆ. ಕಥೆಯಲ್ಲಿ ಉಪ್ಪುಖಾರ ಸೇರಿರಬಹುದು, ಆದರೆ ಆ ಕಾಲಕ್ಕೆ ಬಣ್ಣದ ಎಲೆಯ ಗೀಳು ಎಷ್ಟಿತ್ತೆಂಬುದಕ್ಕೆ ಪುಸ್ತಕಗಳೇ ಸಾಕ್ಷಿ. 1827ರಲ್ಲಿ ವಿಚಿತ್ರ ಗಿಡಗಳ ಚಿತ್ರಸಂಪುಟವೊಂದು ಬಂತು. 1829ರಲ್ಲಿ ಶೋಗುನ್ ಸೇವೆಯಲ್ಲಿದ್ದ ಮಿಜುನೊ ಎಂಬವನು ಬಣ್ಣದ ಎಲೆಯ ಗಿಡಗಳಿಗೆಂದೇ ಏಳು ಸಂಪುಟಗಳ ‘ಸೋಮೊಕು ಕಿನ್‌ಯೋಶೂ’ ಹೊರತಂದ. ನೂರಾರು ಗಿಡಗಳು, ಜೊತೆಗೆ ಅವುಗಳ ಚಿತ್ರಗಳು. ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್ ಬಟಾಣಿ ಬಿತ್ತುವುದಕ್ಕೆ ಕಾಲು ಶತಮಾನ ಮೊದಲಿನ ಮಾತಿದು.

ಇಂದು ಫೂಕಿರಾನ್ ಸಂಘ ಪ್ರತಿವರ್ಷ ಹೊರತರುವ ಹೆಸರುಪಟ್ಟಿ ಸುಮೊ ಕುಸ್ತಿಪಟುಗಳ ಶ್ರೇಯಾಂಕದ ಹಾಳೆಯ ಮಾದರಿಯಲ್ಲೇ ಇರುತ್ತದೆ. ಎಲೆಯ ಬಣ್ಣಕ್ಕೂ ಖಚಿತ ಹೆಸರುಗಳಿವೆ. ಉದ್ದಕ್ಕೂ ಗೆರೆಗೆರೆಯಾಗಿದ್ದರೆ ಶಿಮಾ. ಅಂಚು ಮಾತ್ರ ಬಿಳಿಯೋ ಹಳದಿಯೋ ಆಗಿದ್ದರೆ ಫುಕುರಿನ್. ಅಂಚು ಹಸಿರಾಗಿ ನಡುವೆ ಬಿಳುಪಿದ್ದರೆ ನಕಾಫು. ಅಡ್ಡಡ್ಡ ಪಟ್ಟೆ ಬಂದರೆ ತೋರಾಫು. ಒಂದು ಚೂರೂ ಹಸಿರಿಲ್ಲದೆ ಪೂರ್ತಿ ಬೆಳ್ಳಗೆ ಹುಟ್ಟಿದ ಮರಿಗೆ ಯೂರೇ, ಅಂದರೆ ದೆವ್ವ.

ಬೆಳೆಗಾರರು ಕಣ್ಣಳತೆಯಿಂದ ಮಾಡಿದ ಈ ವಿಂಗಡಣೆ ತಳಿವಿಜ್ಞಾನದ ದೃಷ್ಟಿಯಿಂದಲೂ ಅರ್ಥಪೂರ್ಣವಾದದ್ದು. ಏಕೆಂದರೆ ಗೆರೆ, ಅಂಚು, ನಡು, ಅಡ್ಡಪಟ್ಟೆ ಇವುಗಳ ಹಿಂದಿನ ಕಾರಣಗಳು ಬೇರೆಬೇರೆ. ಮುಂದಿನ ಪೀಳಿಗೆಗೆ ಅವು ಸಾಗುವ ದಾರಿಯೂ ಬೇರೆಬೇರೆ.

ಬಿಳುಪು ಒಂದು ಬಣ್ಣವಲ್ಲ

ಎಲೆ ಹಸಿರಾಗಿರುವುದು ಅದರ ಕೋಶಗಳೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಕಣಗಳಲ್ಲಿ ಪತ್ರಹರಿತ್ತು ತುಂಬಿರುವುದರಿಂದ. ಬೆಳಕು ಹಿಡಿದು ಸಕ್ಕರೆ ಮಾಡುವ ಕೆಲಸ ಇವುಗಳದ್ದು. ಯಾವುದೋ ಕೋಶದಲ್ಲಿ ಪತ್ರಹರಿತ್ತು ತಯಾರಾಗದಿದ್ದರೆ, ತಯಾರಾದದ್ದು ಉಳಿಯದಿದ್ದರೆ, ಅಥವಾ ಕ್ಲೋರೋಪ್ಲಾಸ್ಟಿನೊಳಗೆ ಅದನ್ನು ಹೊತ್ತು ನಿಲ್ಲುವ ಪೊರೆಗಳ ಒಟ್ಟಿಲು ಕಟ್ಟಿಕೊಳ್ಳದಿದ್ದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಹಳದಿಯ ಕೆರೋಟಿನಾಯ್ಡ್‌ಗಳು ಉಳಿದಿದ್ದರೆ ಹಳದಿ. ನಾವು ಚಿತ್ತಾರವೆಂದು ಮೆಚ್ಚುವುದು ಗಿಡದ ಲೆಕ್ಕದಲ್ಲಿ ದುಡಿಯದ ಜಾಗ. ಪಕ್ಕದ ಹಸಿರು ಭಾಗ ಮಾಡಿದ ಸಕ್ಕರೆಯನ್ನೇ ತಿಂದು ಅದು ಬದುಕಬೇಕು. ಬಿಳುಪು ಹೆಚ್ಚಿದಷ್ಟೂ ಗಿಡ ನಿಧಾನ, ಬಿಸಿಲಿಗೆ ಬೇಗ ಸುಡುವ ಭಯ. ಬೆಲೆ ಏರುವುದೂ ಅದಕ್ಕೇ: ಬೆಳೆದು, ಮರಿ ಹಾಕಿ, ಮಾರುವ ಹಂತಕ್ಕೆ ಬರಲು ವರ್ಷಗಟ್ಟಲೆ ಕಾಯಬೇಕು.

ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಆದ ಡಿಎನ್‌ಎ ಇದೆ. ತೈವಾನಿನ ಫೆಲನಾಪ್ಸಿಸ್ ಅಫ್ರೊಡೈಟಿ ಎಂಬ ಆರ್ಕಿಡ್‌ನ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು 2006ರಲ್ಲಿ ಪೂರ್ತಿ ಓದಿದಾಗ ಅದರ ಉದ್ದ 1,48,964 ಅಕ್ಷರ ಎಂದು ತಿಳಿಯಿತು. ಕೋಶಕೇಂದ್ರದ ಡಿಎನ್‌ಎಗೆ ಹೋಲಿಸಿದರೆ ಇದು ಚಿಟಿಕೆಯಷ್ಟು. ಕ್ಲೋರೋಪ್ಲಾಸ್ಟ್ ನಡೆಯಲು ಸಾವಿರಾರು ಬಗೆಯ ಪ್ರೋಟೀನ್ ಬೇಕು. ಅವುಗಳಲ್ಲಿ ನೂರಕ್ಕಿಂತ ಕಡಿಮೆ ಬಗೆಯವಕ್ಕೆ ಮಾತ್ರ ಸೂತ್ರ ಅದರ ಸ್ವಂತ ಡಿಎನ್‌ಎಯಲ್ಲಿದೆ. ಮಿಕ್ಕಿದ್ದೆಲ್ಲ ಕೋಶಕೇಂದ್ರದಿಂದ ಬರಬೇಕು. ಆದ್ದರಿಂದ ಎಲೆ ಬೆಳ್ಳಗಾಗಲು ಎರಡು ಕಡೆ ಎಡವಟ್ಟಾಗಬಹುದು, ಕೋಶಕೇಂದ್ರದ ಜೀನಿನಲ್ಲಿ ಇಲ್ಲವೇ ಕ್ಲೋರೋಪ್ಲಾಸ್ಟಿನ ಜೀನಿನಲ್ಲಿ. ಎಡವಟ್ಟು ಎಲ್ಲಿ ಆಯಿತು ಎಂಬುದರ ಮೇಲೆ ಗಿಡದ ವಂಶದ ಭವಿಷ್ಯ ನಿಂತಿದೆ.

ಸಂಜೆಮಲ್ಲಿಗೆಯ ಸಾಕ್ಷಿ

ಇದನ್ನು ಮೊದಲು ಕಂಡುಕೊಂಡದ್ದು ಆರ್ಕಿಡ್‌ನಲ್ಲಿ ಅಲ್ಲ, ನಮ್ಮೂರ ಬೇಲಿಬದಿಯಲ್ಲೂ ಬೆಳೆಯುವ ಸಂಜೆಮಲ್ಲಿಗೆಯಲ್ಲಿ. 1900ರಲ್ಲಿ ಮೆಂಡೆಲನ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್, ಒಂದೇ ಗಿಡದಲ್ಲಿ ಹಸಿರು ಕೊಂಬೆ, ಬಿಳಿ ಕೊಂಬೆ, ಮಿಶ್ರ ಕೊಂಬೆ ಮೂರೂ ಇದ್ದ ಸಂಜೆಮಲ್ಲಿಗೆಯ ತಳಿಯನ್ನು ಆರಿಸಿಕೊಂಡ. ಒಂದು ಕೊಂಬೆಯ ಹೂವಿನ ಪರಾಗವನ್ನು ಇನ್ನೊಂದು ಕೊಂಬೆಯ ಹೂವಿಗೆ ಮುಟ್ಟಿಸಿ, ಬಂದ ಬೀಜ ಬಿತ್ತಿ ಎಣಿಸಿದ. ಮೆಂಡೆಲನ ನಿಯಮದ ಪ್ರಕಾರ ತಂದೆ ತಾಯಿ ಇಬ್ಬರಿಗೂ ಸಮಪಾಲು ಸಿಗಬೇಕಿತ್ತು. 1909ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಲ್ಲಿ ತಂದೆಯ ಪಾಲು ಸೊನ್ನೆ. ಹಸಿರು ಕೊಂಬೆಯ ಹೂವಿನ ಬೀಜವೆಲ್ಲ ಹಸಿರು ಸಸಿಯಾದವು. ಬಿಳಿ ಕೊಂಬೆಯ ಬೀಜವೆಲ್ಲ ಬಿಳಿ ಸಸಿಯಾಗಿ ಮೊಳೆತು ಸತ್ತವು. ಮಿಶ್ರ ಕೊಂಬೆಯ ಬೀಜದಿಂದ ಮಾತ್ರ ಹಸಿರು, ಬಿಳಿ, ಮಿಶ್ರ ಮೂರು ಬಗೆಯವೂ ಹುಟ್ಟಿದವು. ಪರಾಗ ಯಾವ ಕೊಂಬೆಯದೆಂಬುದು ಲೆಕ್ಕಕ್ಕೇ ಬರಲಿಲ್ಲ.

ಅದೇ ವರ್ಷ ಎರ್ವಿನ್ ಬೌರ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಪೆಲಾರ್ಗೋನಿಯಂ ಗಿಡದಲ್ಲಿ ಇದರ ಗುಟ್ಟು ಬಿಡಿಸಿದ: ದೋಷವಿರುವುದು ಹಸಿರು ಕಣಗಳಲ್ಲಿಯೇ, ಅವು ಒಡೆದು ಎರಡಾಗುವಾಗ ತಮ್ಮ ದೋಷವನ್ನೂ ಜೊತೆಗೊಯ್ಯುತ್ತವೆ. ಕ್ಲೋರೋಪ್ಲಾಸ್ಟಿನಲ್ಲಿ ಡಿಎನ್‌ಎ ಇದೆಯೆಂದು ಸೂಕ್ಷ್ಮದರ್ಶಕದಲ್ಲಿ ತೋರಿಸಲು 1962ರವರೆಗೆ ಕಾಯಬೇಕಾಯಿತು.

ಕೊರೆನ್ಸನ ಸಂಜೆಮಲ್ಲಿಗೆಯಲ್ಲಿ ನಡೆದದ್ದು ಹೆಚ್ಚಿನ ಹೂಗಿಡಗಳಲ್ಲಿ ನಡೆಯುತ್ತದೆ. ಪರಾಗ ತರುವುದು ಕೋಶಕೇಂದ್ರದ ಡಿಎನ್‌ಎ ಮಾತ್ರ. ಕ್ಲೋರೋಪ್ಲಾಸ್ಟ್‌ಗಳು ಅಂಡಾಣುವಿನಿಂದ, ಅಂದರೆ ತಾಯಿಯಿಂದ ಬರುತ್ತವೆ. ಫೆಲನಾಪ್ಸಿಸ್ ಆರ್ಕಿಡ್‌ಗಳಲ್ಲಿ ಪರೀಕ್ಷಿಸಿದಾಗಲೂ ಇದೇ ಕಂಡಿದೆ. ಗೆರೆಯ ಎಲೆ ಬೇಕೆನ್ನುವ ತಳಿಗಾರರು ಗೆರೆಯಿರುವ ಗಿಡದಲ್ಲೇ ಕಾಯಿ ಕಟ್ಟಿಸುವುದು, ಅದನ್ನು ಪರಾಗಕ್ಕೆ ಬಳಸದಿರುವುದು ಈ ಕಾರಣಕ್ಕೆ. ತಾಯಿಯ ಅಂಡಾಣುವಿನಲ್ಲಿ ಒಳ್ಳೆಯ ಕಣ, ಕೆಟ್ಟ ಕಣ ಎರಡೂ ಬೆರೆತಿದ್ದರೆ ಮಾತ್ರ ಮಿಶ್ರ ಸಸಿ ಹುಟ್ಟುತ್ತದೆ. ಅಕ್ಕಿ ರಾಗಿ ಬೆರೆಸಿದ ರಾಶಿಯಿಂದ ಕಣ್ಣುಮುಚ್ಚಿ ಒಂದು ಹಿಡಿ ತೆಗೆದು, ಆ ಹಿಡಿಯಿಂದ ಚಿಟಿಕೆ ತೆಗೆದು, ಚಿಟಿಕೆಯಿಂದ ನಾಲ್ಕು ಕಾಳು ಎತ್ತಿದರೆ ಕೊನೆಗೊಮ್ಮೆ ಬರೀ ಅಕ್ಕಿಯೋ ಬರೀ ರಾಗಿಯೋ ಕೈಗೆ ಬರುತ್ತದಲ್ಲ, ಕೋಶಗಳು ಒಡೆಯುತ್ತ ಹೋದಂತೆ ಕಣಗಳೂ ಹಾಗೆಯೇ ಬೇರ್ಪಡುತ್ತವೆ. ಬರೀ ಹಸಿರು ಕಣ ಸಿಕ್ಕ ಕೋಶದ ಸಂತತಿ ಹಸಿರು ಗೆರೆಯಾಗುತ್ತದೆ, ಬರೀ ಬಿಳಿ ಕಣ ಸಿಕ್ಕದ್ದು ಬಿಳಿ ಗೆರೆ. ಆರ್ಕಿಡ್‌ಗಳ ಎಲೆ ಬುಡದಿಂದ ತುದಿಯತ್ತ ನೀಳವಾಗಿ ಬೆಳೆಯುವುದರಿಂದ ಈ ಬೇರ್ಪಾಟು ಎಲೆಯುದ್ದಕ್ಕೂ ಎಳೆದ ಗೆರೆಯಾಗಿ ಕಾಣುತ್ತದೆ. ಇದೇ ಶಿಮಾ.

ಸುಳಿಯೊಳಗಿನ ಪದರ

ಫೂಕಿರಾನ್ ಗಿಡವೊಂದನ್ನು ಮೇಲಿನಿಂದ ನೋಡಿ. ಎಲೆಗಳು ಎಡಕ್ಕೊಂದು ಬಲಕ್ಕೊಂದು, ಒಂದರ ಬುಡವನ್ನು ಇನ್ನೊಂದರ ಬುಡ ಕಚ್ಚಿ ಹಿಡಿದಂತೆ ಎರಡೇ ಸಾಲಿನಲ್ಲಿ ಏಳುತ್ತವೆ. ಹೊಸ ಎಲೆ ಬರುವುದು ನಟ್ಟನಡುವಿನ ಸುಳಿಯಿಂದ. ಶಿಮಾ ಗಿಡದಲ್ಲಿ ಕೆಲವೊಮ್ಮೆ ಎಡಸಾಲಿನ ಎಲೆಗಳಿಗೆ ದಟ್ಟ ಬಿಳಿ ಗೆರೆ, ಬಲಸಾಲಿಗೆ ಬರಿಯ ಹಸಿರು. ಸುಳಿಯ ಒಂದು ಪಕ್ಕದ ಕೋಶಗಳಲ್ಲಿ ಮಾತ್ರ ಬದಲಾವಣೆ ಆಗಿದೆ ಎಂದು ಇದರರ್ಥ. ಮರಿ ಹುಟ್ಟುವುದು ಎಲೆಯ ಕಂಕುಳಲ್ಲಿ. ಎಡ ಕಂಕುಳಿಂದ ಮರಿ ಬಂದರೆ ಗೆರೆ ಬರಬಹುದು, ಬಲ ಕಂಕುಳಿಂದ ಬಂದರೆ ಸಾದಾ ಗಿಡ. ಅಚ್ಚ ಬಿಳಿ ಎಲೆಯ ಕಂಕುಳಿಂದ ಬಂದದ್ದು ಯೂರೇ ಆಗಿ, ತಾಯಿಗೆ ಅಂಟಿಕೊಂಡಿರುವಷ್ಟು ದಿನ ಬದುಕಿ, ಬಿಡಿಸಿದ ಮೇಲೆ ಸಾಯುತ್ತದೆ. ಅನುಭವಿ ಕೊಳ್ಳುವವನು ಗಿಡದ ಅತಿ ಚೆಂದದ ಎಲೆಗಿಂತ ಮರಿ ಒಡೆಯುತ್ತಿರುವ ಕಂಕುಳನ್ನೇ ಮೊದಲು ನೋಡುತ್ತಾನೆ.

ಸುಳಿಯ ತುದಿ ಪದರಪದರವಾಗಿ ಕಟ್ಟಿದ್ದು. ಅತಿ ಹೊರಗಿನದು ಒಂದೇ ಕೋಶದಷ್ಟು ದಪ್ಪ. ಅದರ ಕೆಳಗೆ ಎರಡನೆಯದು, ಅದರೊಳಗೆ ಉಳಿದ ತಿರುಳು. ಹೊರಪದರದ ಕೋಶಗಳು ಸಾಮಾನ್ಯವಾಗಿ ಅಡ್ಡಡ್ಡ ಒಡೆದು ತಮ್ಮ ಪದರದಲ್ಲೇ ಉಳಿಯುತ್ತವೆ. ಬದಲಾವಣೆಯಾದ ಕೋಶದ ಸಂತತಿ ಒಂದು ಪದರವನ್ನು ಪೂರ್ತಿ ಆಕ್ರಮಿಸಿಕೊಂಡರೆ ಗಿಡ ಎರಡು ತಳಿಗಳನ್ನು ಒಂದೇ ಮೈಯಲ್ಲಿ ಹೊತ್ತಂತಾಗುತ್ತದೆ. 1907ರಲ್ಲಿ ಹಾನ್ಸ್ ವಿಂಕ್ಲರ್ ಇಂಥ ಗಿಡಗಳಿಗೆ ಕೈಮೇರಾ ಎಂದು ಹೆಸರಿಟ್ಟ. ಆರ್ಕಿಡ್‌ನಂಥ ಏಕದಳ ಸಸ್ಯಗಳಲ್ಲಿ ಎಲೆಯಂಚಿನ ತಿರುಳನ್ನು ಕಟ್ಟುವುದಕ್ಕೆ ಹೊರಪದರವೂ ಕೈಜೋಡಿಸುತ್ತದೆ. ಆದ್ದರಿಂದ ಹೊರಪದರ ಬಿಳಿಯಾಗಿ ಒಳಪದರ ಹಸಿರಾಗಿದ್ದರೆ ಎಲೆಗೆ ಬಿಳಿ ಅಂಚು: ಫುಕುರಿನ್. ಹೊರಪದರ ಹಸಿರು, ಒಳಪದರ ಬಿಳಿಯಾದರೆ ಹಸಿರು ಅಂಚು, ಬಿಳಿ ನಡು: ನಕಾಫು. ಗೆರೆಗೆರೆಯ ಶಿಮಾ ಗಿಡವೊಂದು ತಲೆಮಾರುಗಳ ಮರಿಗಳಲ್ಲಿ ನೆಲೆಗೊಳ್ಳುತ್ತ ಫುಕುರಿನ್ ಆಗುವುದೋ ನಕಾಫು ಆಗುವುದೋ ಬೆಳೆಗಾರರು ಕಂಡದ್ದೇ. ಹಾಗೆ ನೆಲೆಗೊಂಡ ಚಿತ್ತಾರ ಎಲೆಯಿಂದ ಎಲೆಗೆ, ಮರಿಯಿಂದ ಮರಿಗೆ ಅಚ್ಚೊತ್ತಿದಂತೆ ಬರುತ್ತದೆ, ಏಕೆಂದರೆ ಕಂಕುಳ ಮೊಗ್ಗು ಎಲ್ಲ ಪದರಗಳನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಆದರೆ ಬೀಜದ ಅಂಡಾಣು ಹುಟ್ಟುವುದು ಎರಡನೆಯ ಪದರದಿಂದ. ಫುಕುರಿನ್ ಗಿಡದಲ್ಲಿ ಆ ಪದರ ಅಚ್ಚ ಹಸಿರು; ಅದರ ಬೀಜ ಬಿತ್ತಿದರೆ ಬರುವುದೆಲ್ಲ ಸಾದಾ ಹಸಿರು ಸಸಿ. ನಕಾಫು ಗಿಡದಲ್ಲಿ ಆ ಪದರ ಬಿಳಿ. ಅದರ ಬೀಜದ ಸಸಿಗಳೆಲ್ಲ ಬಿಳಿಯಾಗಿ ಸಾಯುತ್ತವೆ. ಅಂಚೂ ನಡುವೂ ಗೀಟೆಳೆದಂತೆ ಸ್ವಚ್ಛವಾಗಿರುವ, ಪಟ್ಟಿಯಲ್ಲಿ ಮೇಲಿನ ಸ್ಥಾನ ಪಡೆಯುವ ಗಿಡಗಳಿಗೆ ಬೀಜದ ಮೂಲಕ ವಾರಸುದಾರರೇ ಇಲ್ಲ. ವಂಶ ಬೆಳೆಸುವ ಯೋಗ್ಯತೆ ಇರುವುದು ಇನ್ನೂ ನೆಲೆಗೊಳ್ಳದ, ಗೊಂದಲದ ಗೆರೆಗಳ ಶಿಮಾ ಗಿಡಕ್ಕೆ.

ಪದರಗಳ ಈ ಆಟವನ್ನು ಮನೆಯಲ್ಲೇ ನೋಡಬಹುದು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಬಹಳ ಮನೆಗಳಲ್ಲಿದೆ. ಅದರ ಬುಡದಿಂದ ಮರಿ ಬಿಡಿಸಿ ನೆಟ್ಟರೆ ಹಳದಿ ಅಂಚು ಉಳಿಯುತ್ತದೆ. ಎಲೆಯನ್ನು ತುಂಡು ಮಾಡಿ ಮಣ್ಣಿಗೂರಿ ಚಿಗುರಿಸಿದರೆ ಬರುವ ಗಿಡಕ್ಕೆ ಅಂಚೇ ಇರುವುದಿಲ್ಲ. ಎಲೆ ತುಂಡಿನಿಂದ ಹೊಸದಾಗಿ ಹುಟ್ಟುವ ಚಿಗುರು ಒಳಗಿನ ಹಸಿರು ಕೋಶಗಳಿಂದಷ್ಟೇ ಬರುವುದು ಇದಕ್ಕೆ ಕಾರಣ.

ಬಾಟಲಿಯೊಳಗಿನ ಬಿಳಿ ಸಸಿಗಳು

ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು. ಒಂದೊಂದು ಕಾಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಅಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇಲ್ಲ. ಕಾಡಿನಲ್ಲಿ ಯಾವುದೋ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳಕೆ ಎಂದು ಫ್ರಾನ್ಸಿನ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ಬದಲು ಸಕ್ಕರೆ ಬೆರೆಸಿದ ಅಗರ್ ಕೊಟ್ಟು, ಗಾಜಿನ ಬಾಟಲಿಯಲ್ಲಿ ಬೀಜ ಮೊಳೆಸಿ ತೋರಿಸಿದ. ಇಂದಿನ ಆರ್ಕಿಡ್ ಉದ್ಯಮ ನಿಂತಿರುವುದು ಅದರ ಮೇಲೆ.

ಶಿಮಾ ಗಿಡದ ಬೀಜ ಬಿತ್ತಿದ ಬಾಟಲಿಯಲ್ಲಿ ತಿಂಗಳುಗಳ ಬಳಿಕ ಹಸಿರು ಸಸಿ, ಗೆರೆಯ ಸಸಿ, ಅಚ್ಚ ಬಿಳಿ ಸಸಿ ಒಟ್ಟೊಟ್ಟಿಗೆ ಕಾಣುತ್ತವೆ. ಬಿಳಿಯವೂ ಸೊಂಪಾಗಿಯೇ ಇರುತ್ತವೆ, ಸಕ್ಕರೆ ಕಾಲಬುಡದಲ್ಲೇ ಇದೆಯಲ್ಲ. ಬಾಟಲಿಯಿಂದ ತೆಗೆದು ಕುಂಡಕ್ಕೆ ಇಳಿಸಿದಾಗ ಮಾತ್ರ ನಿಜಾಂಶ ಬಯಲಾಗುತ್ತದೆ. ಹಸಿರು ಕಡಿಮೆಯಿದ್ದಷ್ಟೂ ಬೇಗ ಸೊರಗುತ್ತವೆ. ಉಳಿದ ಗೆರೆಯ ಸಸಿಗಳಲ್ಲೂ ಅನೇಕವು ಬೆಳೆದಂತೆ ಹಸಿರಿಗೇ ತಿರುಗುತ್ತವೆ, ಏಕೆಂದರೆ ಹಸಿರು ಕೋಶಗಳು ದುಡಿದು ಬಲವಾಗಿ ಬೆಳೆದು ಸುಳಿಯನ್ನು ಗೆಲ್ಲುತ್ತವೆ.

ಅಚ್ಚ ಬಿಳಿ ಆರ್ಕಿಡ್ ಎಲ್ಲೂ ಬದುಕಲಾರದು ಎಂದೇನಿಲ್ಲ. ಯೂರೋಪಿನ ಕಾಡುಗಳಲ್ಲಿ ಸೆಫಲಾಂಥೆರಾ ಡಮಾಸೋನಿಯಂ ಎಂಬ ನೆಲದ ಆರ್ಕಿಡ್‌ನ ಬಿಳಿ ಗಿಡಗಳು ವರ್ಷದಿಂದ ವರ್ಷಕ್ಕೆ ಎದ್ದು ಹೂ ಬಿಡುತ್ತವೆ. ಮರದ ಬೇರಿನೊಂದಿಗೆ ನಂಟಿರುವ ಶಿಲೀಂಧ್ರಗಳಿಂದ ಅವು ಆಹಾರ ಎಳೆದುಕೊಳ್ಳುತ್ತವೆ ಎಂದು ಫ್ರಾನ್ಸಿನ ಸಂಶೋಧಕರು 2005ರಲ್ಲಿ ತೋರಿಸಿದರು. ಅದೇ ಜಾತಿಯ ಹಸಿರು ಗಿಡಗಳೂ ಗಣನೀಯ ಪಾಲನ್ನು ಶಿಲೀಂಧ್ರದಿಂದಲೇ ಪಡೆಯುತ್ತವೆ. ಮರದ ತೊಗಟೆಯ ಮೇಲೆ ಬೇರು ಬಿಟ್ಟು ಕೂತ ಫೂಕಿರಾನ್‌ಗೆ ಈ ಅನುಕೂಲವಿಲ್ಲ.

ಜೀನುಗಳ ಬೆನ್ನುಹತ್ತಿ

ಹಾಗಾದರೆ ನಿಜವಾಗಿ ಯಾವ ಜೀನ್ ಕೆಟ್ಟಿದೆ? ಪ್ರಯೋಗಾಲಯದ ಅಚ್ಚುಮೆಚ್ಚಿನ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಇದಕ್ಕೆ ಒಳ್ಳೆಯ ಉತ್ತರಗಳಿವೆ. ಇಮ್ಯೂಟನ್ಸ್ ಎಂಬ ತಳಿಯ ಎಲೆಯಲ್ಲಿ ಬಿಳಿ ಹಸಿರು ಮಚ್ಚೆಗಳಿವೆ. ವಿಚಿತ್ರವೆಂದರೆ ಅದರ ಎಲ್ಲ ಕೋಶಗಳ ಕೇಂದ್ರದಲ್ಲೂ ಒಂದೇ ದೋಷ. 1999ರಲ್ಲಿ ಆ ಜೀನ್ ಸಿಕ್ಕಿತು. ಕ್ಲೋರೋಪ್ಲಾಸ್ಟಿನ ಪೊರೆಯಲ್ಲಿ ಹೆಚ್ಚಾದ ಇಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸಿ, ಬೆಳಕಿನ ಹೊಡೆತದಿಂದ ಪಾರುಮಾಡುವ ಕಿಣ್ವ ಅದರದ್ದು. ಕಿಣ್ವ ಇಲ್ಲದಿದ್ದರೂ ಕೆಲವು ಕೋಶಗಳು ಹೇಗೋ ಸುಧಾರಿಸಿಕೊಂಡು ಹಸಿರಾಗುತ್ತವೆ, ಉಳಿದವು ಬೆಳ್ಳಗಾಗುತ್ತವೆ. ಬೆಳಕು ಹೆಚ್ಚಿದಷ್ಟೂ ಬಿಳುಪು ಹೆಚ್ಚು. ಇಂಥ ಚಿತ್ತಾರ ಬೀಜದಲ್ಲಿ ಮೆಂಡೆಲನ ನಿಯಮದಂತೆ ಇಳಿಯುತ್ತದೆ.

ಆರ್ಕಿಡ್‌ಗಳಲ್ಲಿ ಕೆಲಸ ನಿಧಾನ. ಬೀಜದಿಂದ ಹೂವಿಗೆ ವರ್ಷಗಳೇ ಬೇಕಾಗುವ ಗಿಡದಲ್ಲಿ ತಲೆಮಾರುಗಳ ಲೆಕ್ಕ ಇಡುವುದು ಸುಲಭವಲ್ಲ. ಅದಕ್ಕೇ ಸಂಶೋಧಕರು ಎಲೆಯ ಹಸಿರು ಭಾಗ, ಹಳದಿ ಭಾಗ ಬೇರೆಬೇರೆ ಕತ್ತರಿಸಿ, ಎರಡರಲ್ಲೂ ಯಾವ ಜೀನು ಎಷ್ಟು ಸಕ್ರಿಯ ಎಂದು ಹೋಲಿಸುತ್ತಾರೆ. ಚೀನೀಯರು ಶತಮಾನಗಳಿಂದ ಬೆಳೆಸುತ್ತಿರುವ ಸಿಂಬಿಡಿಯಂ ಸೈನೆನ್ಸ್‌ನ ‘ಧರ್ಮ’ ಎಂಬ ತಳಿಯಲ್ಲಿ 2015ರಲ್ಲಿ ಹೀಗೆ ಹೋಲಿಸಿದಾಗ, ಹಳದಿ ಭಾಗದಲ್ಲಿ ಪತ್ರಹರಿತ್ತನ್ನು ಒಡೆಯುವ ಕಿಣ್ವಗಳ ಜೀನುಗಳು ಚುರುಕಾಗಿದ್ದವು. ಅಂದರೆ ಅಲ್ಲಿ ಹಸಿರು ತಯಾರಾಗದೆ ಇರುವುದಕ್ಕಿಂತ, ತಯಾರಾದದ್ದು ಬೇಗ ಕರಗಿಹೋಗುವುದೇ ಹೆಚ್ಚು.

ತೈವಾನಿನವರು ಫೆಲನಾಪ್ಸಿಸ್ ಅಫ್ರೊಡೈಟಿಯ ಹಳದಿ ಪಟ್ಟೆಯ ಗಿಡವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಕುತೂಹಲಕರ. ಹಳದಿ ಭಾಗದ ಕ್ಲೋರೋಪ್ಲಾಸ್ಟಿನೊಳಗೆ ಪೊರೆಗಳ ಒಟ್ಟಿಲೇ ಸರಿಯಾಗಿ ಕಟ್ಟಿರಲಿಲ್ಲ. ಪೊರೆಗಳನ್ನು ಸ್ಥಿರವಾಗಿಡುವ ಪಿಎಸ್‌ಬಿಪಿ ಎಂಬ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎಯಲ್ಲಿ, ಕತ್ತರಿಸಿ ತೆಗೆಯಬೇಕಿದ್ದ ತುಣುಕು ಹಾಗೇ ಉಳಿದುಹೋದ ಪ್ರತಿಗಳು ಹಳದಿ ಭಾಗದಲ್ಲಿ ಹೆಚ್ಚಿದ್ದವು. ಜೀನಿನಿಂದ ಪ್ರೋಟೀನಿಗೆ ಹೋಗುವ ದಾರಿಯಲ್ಲಿ ತಿದ್ದುಪಡಿ ತಪ್ಪಿದ ಪ್ರಕರಣವಿದು. ಅದರ ಜೊತೆಗೆ ಇನ್ನೊಂದು ಸುಳಿವೂ ಸಿಕ್ಕಿತು: ಸಿಂಬಿಡಿಯಂ ಮೊಸಾಯಿಕ್ ವೈರಸ್‌ನ ಪ್ರಮಾಣ ಹಸಿರು ಭಾಗದಲ್ಲೊಂದು, ಹಳದಿ ಭಾಗದಲ್ಲೊಂದು ಇತ್ತು. ಚಿತ್ತಾರಕ್ಕೂ ವೈರಸ್‌ಗೂ ನಂಟಿದೆಯೆಂದು ಅವರು ಅನುಮಾನಿಸಿದ್ದಾರೆ.

ಎಲೆ ಚಿತ್ತಾರದ ವ್ಯಾಪಾರದಲ್ಲಿ ಕಣ್ಣು ತೆರೆದು ಓದಬೇಕಾದ ಸಾಲು ಇದೇ. ಹಾಲೆಂಡಿನಲ್ಲಿ ಒಂದು ಗಡ್ಡೆಗೆ ಮನೆಯ ಬೆಲೆ ಕೊಟ್ಟು ಕೊಂಡ ಪಟ್ಟೆಯ ಟ್ಯುಲಿಪ್‌ಗಳ ಸೊಬಗಿಗೆ ವೈರಸ್ ಕಾರಣವೆಂದು ಡೊರೊಥಿ ಕೇಲಿ 1928ರಲ್ಲಿ ತೋರಿಸಿದ್ದರು. ಆರ್ಕಿಡ್ ಲೋಕದಲ್ಲಿ ಸಿಂಬಿಡಿಯಂ ಮೊಸಾಯಿಕ್, ಓಡೊಂಟೊಗ್ಲಾಸಂ ರಿಂಗ್‌ಸ್ಪಾಟ್ ಎಂಬೆರಡು ವೈರಸ್‌ಗಳು ಜಗತ್ತಿನಾದ್ಯಂತ ಹರಡಿವೆ. ಗಿಡ ಕತ್ತರಿಸಿದ ಚಾಕುವಿನಲ್ಲಿ ಉಳಿದ ರಸದಿಂದಲೇ ಇವು ಇನ್ನೊಂದು ಗಿಡಕ್ಕೆ ದಾಟುತ್ತವೆ, ಔಷಧಿಯಿಲ್ಲ. ವಂಶದಿಂದ ಬಂದ ಗೆರೆ ನರಗಳಿಗೆ ಸಮಾನಾಂತರವಾಗಿ, ಬುಡದಿಂದ ತುದಿಗೆ, ಎಲೆಯಿಂದ ಎಲೆಗೆ ಒಂದೇ ಪಕ್ಕದಲ್ಲಿ ಸಾಗುತ್ತದೆ. ವೈರಸ್‌ನ ಗುರುತು ಅಂಕೆಯಿಲ್ಲದ ಮಚ್ಚೆ, ಉಂಗುರ. ಎಲೆ ಹಳತಾದಂತೆ ಮಚ್ಚೆ ಕಂದಾಗಿ ಗುಳಿಬೀಳುತ್ತದೆ. ಕಣ್ಣಿಗೆ ಅನುಮಾನ ಉಳಿದರೆ ರಸದ ಹನಿಯಿಂದ ಮಾಡುವ ಪಟ್ಟಿ ಪರೀಕ್ಷೆ ಇದೆ.

ಬೀಜದಲ್ಲೂ ಉಳಿಯುವ ಚಿತ್ತಾರ

ಎಲ್ಲ ಚಿತ್ತಾರವೂ ಕೊರತೆಯಲ್ಲ. ಆಗ್ನೇಯ ಏಷ್ಯಾದ ಮ್ಯಾಕೋಡಿಸ್ ಪೆಟೋಲಾದ ಕಡುಹಸಿರು ಎಲೆಯ ಮೇಲೆ ನರಗಳ ಬಲೆ ಹೊಂಬಣ್ಣದಲ್ಲಿ ಮಿನುಗುತ್ತದೆ. ಲುಡಿಸಿಯಾ ಡಿಸ್‌ಕಲರ್‌ನ ಕರಿಗೆಂಪು ಎಲೆಗೆ ತಾಮ್ರದ ಗೆರೆಗಳು. ಇವುಗಳ ನೆಂಟ ಅನೆಕ್ಟೋಕೈಲಸ್ ಎಲೇಟಸ್ ನಮ್ಮ ಪಶ್ಚಿಮ ಘಟ್ಟದ ಕಾಡಿನ ನೆರಳಿನಲ್ಲೂ ಇದೆ. ಜ್ಯುವೆಲ್ ಆರ್ಕಿಡ್ ಎಂದು ಮಾರುವ ಈ ಗುಂಪಿನಲ್ಲಿ ಚಿತ್ತಾರ ಇಡೀ ಜಾತಿಯ ಗುಣ. ಪ್ರತಿ ಕೋಶದಲ್ಲೂ ಒಂದೇ ಜೀನುಗಳಿವೆ. ಯಾವ ಜಾಗದ ಕೋಶ ಹೇಗೆ ಬೆಳೆಯಬೇಕು, ಯಾವ ವರ್ಣದ್ರವ್ಯ ತುಂಬಿಕೊಳ್ಳಬೇಕು ಎಂಬ ಆದೇಶ ಕೋಶಕೇಂದ್ರದಿಂದಲೇ ಹೊರಡುತ್ತದೆ. ಬೀಜ ಬಿತ್ತಿದರೆ ಎಲ್ಲ ಸಸಿಗಳಿಗೂ ಬರುತ್ತದೆ. ಫಿಲಿಪ್ಪೀನ್ಸಿನ ಫೆಲನಾಪ್ಸಿಸ್ ಶಿಲ್ಲೆರಿಯಾನಾದ ಬೆಳ್ಳಿ ಮಚ್ಚೆ, ಕೆಲವು ಪ್ಯಾಫಿಯೋಪೆಡಿಲಂಗಳ ಎಲೆಯ ಚೌಕಳಿ ಇದೇ ವರ್ಗದವು. ಇಂಥ ಗಿಡವನ್ನು ಸಾದಾ ಎಲೆಯ ಗಿಡದೊಂದಿಗೆ ಕೂಡಿಸಿದರೆ ಮಚ್ಚೆ ಮಾಸುತ್ತ ಹೋಗುತ್ತದೆ, ಹಠಾತ್ತನೆ ಮಾಯವಾಗುವುದಿಲ್ಲ. ಪರಾಗದ ಕಡೆಯಿಂದಲೂ ಅದು ಇಳಿಯುತ್ತದೆ.

ಫೂಕಿರಾನ್‌ನ ಅಡ್ಡಪಟ್ಟೆಯ ತೋರಾಫು, ಕೋಶಗಳ ಬೇರ್ಪಾಟಿನ ಚಿತ್ತಾರ ಮತ್ತು ಇಡೀ ಜಾತಿಯ ಚಿತ್ತಾರ ಇವೆರಡರ ನಡುವಿನದು. ಬಿಸಿಲು, ಹವೆ ನೋಡಿಕೊಂಡು ಅದು ಮೂಡುತ್ತದೆ, ಮಾಸುತ್ತದೆ. ಎಲೆ ಉದ್ದಕ್ಕೆ ಬೆಳೆಯುವಾಗ ಕೋಶಗಳ ಬೇರ್ಪಾಟಿನಿಂದ ಅಡ್ಡ ಪಟ್ಟೆ ಆಗಲಾರದು. ಎಲೆಯ ಆ ಭಾಗ ಬೆಳೆಯುತ್ತಿದ್ದ ವಾರಗಳಲ್ಲಿ ಹವೆ ಹೇಗಿತ್ತೋ ಅದರ ಗುರುತು ಪಟ್ಟೆಯಾಗಿ ಉಳಿದಿರುತ್ತದೆ.

ಕೊಳ್ಳುವವರಿಗೆ ನಾಲ್ಕು ಮಾತು

1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಸಿಂಬಿಡಿಯಂನ ಸುಳಿತುದಿಯಿಂದ ಸಾವಿರಾರು ಗಿಡ ಮಾಡುವ ಅಂಗಾಂಶ ಕೃಷಿಯ ದಾರಿ ತೋರಿಸಿದ. ಹೂವಿನ ಆರ್ಕಿಡ್ ಅಗ್ಗವಾದದ್ದು ಅದರಿಂದಲೇ. ಪದರದ ಕೈಮೇರಾಕ್ಕೆ ಮಾತ್ರ ಈ ದಾರಿ ಸುಲಭವಾಗಿ ಒಗ್ಗುವುದಿಲ್ಲ. ಬಾಟಲಿಯಲ್ಲಿ ಹೊಸ ಮೊಳಕೆ ಕೆಲವೇ ಕೋಶಗಳಿಂದ ಏಳುವುದರಿಂದ ಪದರಗಳ ಜೋಡಣೆ ಮುರಿದು ಅಚ್ಚ ಹಸಿರೋ ಅಚ್ಚ ಬಿಳಿಯೋ ಬರುತ್ತದೆ. ಅಂಚು ಸ್ವಚ್ಛವಾಗಿರುವ ಫೂಕಿರಾನ್ ಅನ್ನು ಇಂದಿಗೂ ಮರಿ ಬಿಡಿಸಿಯೇ ಹೆಚ್ಚಿಸಬೇಕು. ಹೀಗಾಗಿ ಅದರ ಬೆಲೆಯಲ್ಲಿ ಸೋಗು ಸ್ವಲ್ಪ ಇದ್ದರೂ ಕಾಯುವಿಕೆಯ ಕೂಲಿಯೇ ಹೆಚ್ಚು.

ಮನೆಗಿಡಗಳ ಹುಚ್ಚು ಹರಡಿದ ಮೇಲೆ ನಮ್ಮ ನರ್ಸರಿಗಳಲ್ಲೂ ‘ವೇರಿಗೇಟೆಡ್’ ಎಂದರೆ ಬೆಲೆಗೆ ಒಂದು ಸೊನ್ನೆ ಹೆಚ್ಚು. ಆನ್‌ಲೈನ್‌ನಲ್ಲಿ ‘ಬಣ್ಣದ ಎಲೆಯ ಆರ್ಕಿಡ್ ಬೀಜ’ ಎಂದು ಪೊಟ್ಟಣ ಮಾರುವವರಿಗೆ ಹಣ ಕೊಡಬೇಡಿ. ಆರ್ಕಿಡ್‌ನ ಬೀಜ ಕುಂಡದ ಮಣ್ಣಿಗೆ ಚೆಲ್ಲಿದರೆ ಮೊಳೆಯುವುದಿಲ್ಲ. ಮೊಳೆಸಿದರೂ ಪದರದ ಚಿತ್ತಾರ ಬರುವುದಿಲ್ಲ. ಗಿಡ ಕೊಳ್ಳುವಾಗ ಇದು ಮರಿಯೋ, ಬೀಜದ್ದೋ, ಬಾಟಲಿಯದ್ದೋ ಎಂದು ಕೇಳಿ. ಒಂದೇ ಎಲೆಯಲ್ಲಿ ಗೆರೆಯಿದ್ದು ಸುಳಿಯ ಹೊಸ ಎಲೆ ಹಸಿರಾಗಿದ್ದರೆ ಮುಂದೆ ಗೆರೆ ಬರುವ ಭರವಸೆ ಕಡಿಮೆ. ಮುಕ್ಕಾಲು ಪಾಲು ಬಿಳಿಯಿರುವ ಗಿಡ ಚಿತ್ರಕ್ಕೆ ಚೆಂದ, ಬದುಕಲು ಕಷ್ಟ. ಕತ್ತರಿಸುವ ಚಾಕುವನ್ನು ಗಿಡಕ್ಕೊಮ್ಮೆ ಬೆಂಕಿಗೆ ಹಿಡಿಯಿರಿ.

ಘಟ್ಟದ ಕಾಡಿನಲ್ಲಿ ಎಲೆ ಚೆಂದವೆಂದು ನೆಲದ ಆರ್ಕಿಡ್ ಕಿತ್ತು ತರುವ ಆಸೆಯನ್ನಂತೂ ಬಿಟ್ಟುಬಿಡಿ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆರ್ಕಿಡ್ ಕುಟುಂಬವಿಡೀ ಇದೆ. ಕಾನೂನಿಗಿಂತ ಮುಖ್ಯವಾದ ಮಾತೆಂದರೆ, ಕಾಡಿನಿಂದ ಕಿತ್ತ ಗಿಡ ತನ್ನ ಶಿಲೀಂಧ್ರವನ್ನೂ ನೆರಳನ್ನೂ ಅಲ್ಲೇ ಬಿಟ್ಟು ಬರುತ್ತದೆ. ನಮ್ಮ ಬಾಲ್ಕನಿಯಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಚಿತ್ತಾರದ ಎಲೆ ಬೇಕಿದ್ದರೆ ಬೆಳೆಗಾರರ ಬಳಿ ಲುಡಿಸಿಯಾದ ಒಂದು ತುಂಡು ಕೇಳಿ ಪಡೆಯಿರಿ. ಅಗ್ಗದಲ್ಲಿ ಸಿಗುತ್ತದೆ, ಕಾಂಡದ ತುಂಡಿನಿಂದ ಸುಲಭವಾಗಿ ಬೇರು ಬಿಡುತ್ತದೆ, ಅದರ ಗೆರೆ ಎಂದೂ ಕೈಕೊಡುವುದಿಲ್ಲ.